ಭಟ್ಕಳವೆಂಬ ಹೆಸರಿನ ವಿಚಾರ

ನಮ್ಮ ಸವದತ್ತಿಗೆ ಸುಗಂಧವರ್ತಿಯೆಂಬ ಹೆಸರಿದ್ದುದನ್ನು ರಟ್ಟರ ಶಾಸನಗಳೇ ಸಾರುವುದರಿಂದ ಆ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. ಪಡುವಣ ಕಡಲ ತೀರದ ಪ್ರಾಚೀನ ರೇವುಪಟ್ಟಣವಾದ ಭಟ್ಕಳದ ಹೆಸರಿಗಾದರೋ ಐತಿಹ್ಯವನ್ನೇ ಆಧಾರವಾಗಿ ಹೇಳುವ ವಾಡಿಕೆಯುಂಟು. ಶಬ್ದಾನುಶಾಸನಕಾರನಾದ ಭಟ್ಟಾಕಲಂಕದೇವನಿಂದ ಊರಿಗೆ ಈ ಹೆಸರು ಬಂದಿತೆಂಬರು. ಕನ್ನಡ ನುಡಿಗೆ 592 ಸಂಸ್ಕೃತ ಸೂತ್ರಗಳನ್ನು ರಚಿಸಿದ ಆ ಮಹನೀಯನಲ್ಲಿ, ವ್ಯಾಕರಣವನ್ನೇ ಓದಿ ಬೆಳೆದ ನಮ್ಮಂಥವರಿಗೆ ಗೌರವವು ಸಹಜವೇ. ಆದರೆ ಗೌರವವು ಪ್ರಮಾಣವಾಗಲಾರದು.

ಶಬ್ದಾನುಶಾಸನದ ಕಾಲವು ಕ್ರಿ. ಶ. 1604. ಪೋರ್ತುಗೀಜನಾದ ದುವಾರ್ತೆ ಬಾರ್ಬೋಸನು ಸುಮಾರು 1516ರಲ್ಲಿಯೇ ಈ ರೇವನ್ನು ‘ಬಾತಿಕಲಾ’ ಎಂದು ಹೆಸರಿಸಿ, ಇಲ್ಲಿಂದ ಅಕ್ಕಿ ಸಕ್ಕರೆಗಳು ಹೊರಡುತ್ತಿದ್ದುದನ್ನೂ ಹೊರ್ಮುಜಿನ ಕುದುರೆಗಳು ಇಲ್ಲಿ ಬಂದಿಳಿಯುತ್ತಿದ್ದುದನ್ನೂ ಬರೆದಿರುವನು. ಅದಕ್ಕೂ ಮುನ್ನ, 1510ರಲ್ಲಿ, ಇಲ್ಲಿ ಕೋಟೆ ಕಟ್ಟಲು ಆಲ್ಬುಕರ್ಕನು ಕೃಷ್ಣದೇವರಾಯನ ಅನುಮತಿಯನ್ನು ಬೇಡಿದ್ದನು. ಹೆಸರು ಆಗಲೇ ರೂಢಿಯಲ್ಲಿದ್ದ ಮೇಲೆ, ಹೆಸರಿಗೆ ಕಾರಣನಾದವನು ತರುವಾಯ ಹುಟ್ಟಿ ಬರುವುದೆಂತು? ರಾಜವಾರ್ತಿಕವನ್ನು ಬರೆದ ಪ್ರಾಚೀನ ಅಕಲಂಕನೇ ಏಕಾಗಿರಬಾರದೆಂದು ಕೇಳಬಹುದು. ಅದಕ್ಕೆ ಶಬ್ದಸಾಮ್ಯವೊಂದೇ ಸಾಲದು.

ಇಲ್ಲಿ ಜೈನಧರ್ಮವು ಪ್ರಬಲವಾಗಿದ್ದಿತೆಂದು ತೋರಿಸಲು ವೈಯಾಕರಣನ ಹೆಸರನ್ನು ಎಳೆತರಬೇಕಾದುದೂ ಇಲ್ಲ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನು ಒಮ್ಮೆ ಹೋಗಿ ನೋಡಿದರೆ ಸಾಕು. ವಿಪುಲವಾಗಿ ಮಳೆ ಸುರಿಯುವ ಆ ಸೀಮೆಯ ಮನೆಗಳ ಮಾಡಿನಂತೆಯೇ ಅಲ್ಲಿಯ ಕಲ್ಲಿನ ಚಪ್ಪಡಿಗಳನ್ನೂ ಇಳಿಜಾರಾಗಿ ಹೊದಿಸಿರುವರು. ಬಯಲುನಾಡಿನಲ್ಲಿ ಮಟ್ಟಸವಾದ ಮೇಲ್ಚಾವಣಿಯ ಗುಡಿಗಳನ್ನೇ ಕಂಡ ನಮ್ಮ ಕಣ್ಣಿಗೆ ಅದೊಂದು ಸೋಜಿಗ. ಅದೇ ಊರಿನ ಖೇತಪೈ ನಾರಾಯಣ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ಶಿಲ್ಪಗಳಿವೆ. ಮೂವರು ಇಂಗ್ಲಿಷರ ಗೋರಿಗಳೂ ಅಲ್ಲಿರುವುವು. ಅವುಗಳ ಕಲ್ಲುಗಳಲ್ಲಿ 1637 ಮತ್ತು 1638 ಎಂಬ ವರ್ಷಗಳು ಕೆತ್ತಲ್ಪಟ್ಟಿವೆ.