ಅಡುಗೆಮನೆಯ ನುಡಿ, ಜಗಲಿಯ ನುಡಿ: ಕಾಸರಗೋಡಿನ ಬಾಲ್ಯಸ್ಮೃತಿಯ ಒಂದು ಓದು

ಭಾರತದ ಜನಗಣತಿಯು ಮಾತೃಭಾಷೆಯನ್ನು ನಿರ್ಧರಿಸಲು ಬಾಲ್ಯದ ಮೊರೆಹೋಗುತ್ತದೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಮಾತು ಯಾವುದೋ ಅದೇ ಆ ವ್ಯಕ್ತಿಯ ಮಾತೃಭಾಷೆ; ತಾಯಿ ಮಗುವಿನ ಶೈಶವದಲ್ಲೇ ತೀರಿಕೊಂಡಿದ್ದರೆ, ಆ ದಿನಗಳಲ್ಲಿ ಮನೆಯಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದ ಮಾತು. ಗಣತಿದಾರರಿಗೆ ನೀಡುವ ಸೂಚನೆಯ ತಿರುಳು ಇಷ್ಟೇ. ಆಡಳಿತದ ದೃಷ್ಟಿಯಲ್ಲಿ ಹೀಗೆ ಭಾಷೆಯ ಮೂಲಸ್ಥಾನ ಮನೆ, ಅದರಲ್ಲಿಯೂ ಅಡುಗೆಮನೆ. ಗಡಿನಾಡಿನ ಹಿರಿಯರ ನೆನಪುಗಳೂ ಮತ್ತೆ ಮತ್ತೆ ಮರಳುವುದು ಆ ಮನೆಗೇ. ಕಾಸರಗೋಡಿನ ಆತ್ಮಕಥನಗಳಲ್ಲಿ, ಅಭಿನಂದನ ಗ್ರಂಥಗಳಲ್ಲಿ, ಶಾಲೆಗಳ ಸ್ಮರಣಸಂಚಿಕೆಗಳಲ್ಲಿ ಒಂದು ಚಿತ್ರ ಬಹುಮಟ್ಟಿಗೆ ನೆಲೆನಿಂತಿದೆ: ಅಡಕೆ ತೋಟದ ನಡುವಿನ ದೊಡ್ಡ ಮನೆ, ತುಂಬಿದ ಕುಟುಂಬ, ಮುಸ್ಸಂಜೆಯ ದೀಪ, ಆಷಾಢದ ಮಳೆ, ಎಲ್ಲೆಲ್ಲೂ ಕನ್ನಡ. ಆ ಮೇಲೆ 1956ರ ನವೆಂಬರ್ 1. ಮನೆ ಒಡೆಯಿತು, ಮಾತು ಹೋಯಿತು. ಈ ಕಥನದ ನೋವು ನಿಜವಾದದ್ದು. ಆದರೆ ಅದು ಹೇಳುವ ಮನೆಯೊಳಗೆ ಹೊಕ್ಕು ಕಿವಿಗೊಟ್ಟರೆ, ಅಡುಗೆಮನೆಯಿಂದ ಕೇಳಿಬರುವುದು ಬಹಳ ಸಲ ಕನ್ನಡವಲ್ಲ.

ಕಾಸರಗೋಡಿನ ಕನ್ನಡತನಕ್ಕೆ ಸಾಕ್ಷಿಯಾಗಿ ಮೊದಲು ಉಲ್ಲೇಖವಾಗುವ ಹೆಸರುಗಳನ್ನೇ ನೋಡಬಹುದು. 1949ರಲ್ಲಿ ಮದ್ರಾಸು ಸರ್ಕಾರದಿಂದ ರಾಷ್ಟ್ರಕವಿ ಗೌರವ ಪಡೆದ ಮಂಜೇಶ್ವರದ ಎಂ. ಗೋವಿಂದ ಪೈಗಳ ಮನೆಮಾತು ಕೊಂಕಣಿ. ಏಕೀಕರಣಾನಂತರದ ಹೋರಾಟದ ದನಿಯಾದ ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಕಾಸರಗೋಡು ಕೈತಪ್ಪಿದುದನ್ನು ಅವರು ಕವಿತೆಯಲ್ಲಿ ಹೇಳಿದ್ದು ಹೊತ್ತಿಕೊಂಡ ಮನೆಯೊಂದರ ರೂಪಕದಿಂದ; ಆ ಕನ್ನಡದ ಮನೆಗಾಗಿ ಕೂಗಿದವರು ಹುಟ್ಟಿದ್ದು ತುಳುವಿನ ಮನೆಯಲ್ಲಿ. ಕರಾವಳಿಯ ಮಕ್ಕಳಿಗಾಗಿ ಶಿಶುಗೀತೆಗಳನ್ನೂ ಪಾಠಗಳನ್ನೂ ಬರೆದ ಪಂಜೆ ಮಂಗೇಶರಾಯರ ಮನೆಮಾತು ಕೂಡ ಕೊಂಕಣಿಯೇ. ಅವರ ಪದ್ಯಗಳನ್ನು ಬಾಯಿಪಾಠ ಮಾಡಿದ ಮಕ್ಕಳು ಶಿವಳ್ಳಿ ಮನೆಯವರಾದರೆ ತುಳು, ಕರಾಡ ಮನೆಯವರಾದರೆ ಮರಾಠಿಯ ಒಂದು ಪ್ರಭೇದ, ಮಾಪಿಳ್ಳೆ ಮನೆಯವರಾದರೆ ಮಲಯಾಳ, ಹವ್ಯಕ ಮನೆಯವರಾದರೆ ಹವ್ಯಕ ಮಾತಾಡುತ್ತ ಬೆಳೆದವರು. ಕಲಿಸಿದವರಿಗೂ ಕಲಿತವರಿಗೂ ಕನ್ನಡವು ಹೊಸಿಲು ದಾಟಿ ಬಂದು ಸೇರಿಕೊಂಡ ನುಡಿಯಾಗಿತ್ತು.

ಈ ದಾಟುವಿಕೆಯ ಅನುಭವ ಶಾಲೆಯ ಮೊದಲ ಪಾಠದಲ್ಲೇ ಆಗುತ್ತಿತ್ತು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ. ಕನ್ನಡದ ಬಾಲಬೋಧೆಯಲ್ಲಿ ಸರಿಯಾಗಿ ತಿರುವುಮುರುವು: ಅಮ್ಮ ತಾಯಿ, ಅಪ್ಪ ತಂದೆ. ಹವ್ಯಕ ನುಡಿ ಕನ್ನಡದ್ದೇ ಒಂದು ಪ್ರಭೇದವಾದರೂ ಅಲ್ಲಿನ ಮಕ್ಕಳಿಗೂ ದಾಟಲು ಒಂದು ಮೆಟ್ಟಿಲಿತ್ತು. ಹವ್ಯಕದಲ್ಲಿ ಹೆಂಗಸರನ್ನು ನಪುಂಸಕಲಿಂಗದಲ್ಲಿ ಹೇಳುವುದು ರೂಢಿ. ಮನೆಯಲ್ಲಿ ಅಕ್ಕ ‘ಬಂತು’. ಪುಸ್ತಕದಲ್ಲಿ ಅಕ್ಕ ‘ಬಂದಳು’. ಇನ್ನು ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆಗೆ ಹವ್ಯಕರಲ್ಲಿ ‘ಉಪ್ಪುಸೊಳೆ’, ತುಳುವರಲ್ಲಿ ‘ಉಪ್ಪಡ್ ಪಚ್ಚಿಲ್’. ಒಂದೇ ಬಗೆಯ ಭರಣಿ, ಎರಡು ಹೆಸರು. ಶಾಲೆಯ ಕನ್ನಡದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ಕರಾವಳಿಯವರ ಕನ್ನಡವನ್ನು ‘ಪುಸ್ತಕದ ಕನ್ನಡ’ ಎಂದು ಘಟ್ಟದ ಮೇಲಿನವರು ನಗೆಯಾಡುವುದುಂಟು. ಆ ಮಾತಿನಲ್ಲಿ ಇತಿಹಾಸದ ಒಂದು ಸತ್ಯ ಅಡಗಿದೆ. ಅದು ನಿಜವಾಗಿಯೂ ಪುಸ್ತಕದಿಂದಲೂ ಯಕ್ಷಗಾನದಿಂದಲೂ ಬಂದ ನುಡಿ.

ಹಾಗಾದರೆ ಮನೆಯಲ್ಲಿ ಕನ್ನಡ ಇರಲಿಲ್ಲವೇ? ಇತ್ತು, ಅದರ ಜಾಗ ಜಗಲಿಯಾಗಿತ್ತು. ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಷ್ಟು ಕಾಲ ಕಾಸರಗೋಡು ತಾಲೂಕಿನಲ್ಲಿ ಭೂಮಿಯ ಕಾಗದಪತ್ರಗಳು ನಡೆದದ್ದು ಕನ್ನಡದಲ್ಲಿ. ವರ್ಗ, ಕುಮ್ಕಿ, ಮೂಲಗೇಣಿ, ಚಾಲಗೇಣಿ ಎಂಬ ಪದಗಳು ಮನೆಯೊಳಕ್ಕೆ ಬಂದದ್ದು ಆ ಕಾಗದಗಳ ಮೂಲಕ. ಜಗಲಿಯಲ್ಲಿ ಕೂತು ಗೇಣಿಚೀಟು ಬರೆಯುವಾಗ, ಅಕ್ಕಿಮುಡಿ ಎಣಿಸಿ ಲೆಕ್ಕದ ಪುಸ್ತಕಕ್ಕೆ ಏರಿಸುವಾಗ, ಮದ್ರಾಸಿನಲ್ಲೋ ಮಂಗಳೂರಿನಲ್ಲೋ ಓದುತ್ತಿದ್ದ ಮಗನಿಗೆ ಕಾಗದ ಹಾಕುವಾಗ ಯಜಮಾನನ ಲೇಖನಿ ಕನ್ನಡದಲ್ಲಿ ಓಡುತ್ತಿತ್ತು. ಅದೇ ಯಜಮಾನ ಎದ್ದು ಒಳಗೆ ಹೋಗಿ ಗಂಜಿ ಬಡಿಸಲು ಹೇಳುತ್ತಿದ್ದುದು ತುಳುವಿನಲ್ಲೋ ಕೊಂಕಣಿಯಲ್ಲೋ.

ಮಳೆಗಾಲದಲ್ಲಿ ಆ ಜಗಲಿಗೆ ಇನ್ನೊಂದು ಕನ್ನಡ ಬರುತ್ತಿತ್ತು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಭೂತಕೋಲಗಳೂ ನಿಂತ ಮೇಲೆ, ಉಳಿಯುತ್ತಿದ್ದುದು ಮನೆಯ ಪುರಾಣವಾಚನ ಮತ್ತು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳ ಆಶುಮಾತು. ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಹುಟ್ಟಿದ ಕುಂಬಳೆ ಸೀಮೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳನ್ನು ಬೆಳೆಸಿದ ಈ ಪರಿಸರದಲ್ಲಿ, ವಾಲಿ ರಾಮನನ್ನು ಪ್ರಶ್ನಿಸುವುದು ಪ್ರೌಢಗನ್ನಡದಲ್ಲಿಯೇ. ಹಿಂದಿನ ಕ್ಷಣದವರೆಗೆ ತುಳುವಿನಲ್ಲಿ ಹರಟುತ್ತಿದ್ದವನು ತಾಳ ಬಿದ್ದೊಡನೆ ಆ ನುಡಿಗೆ ಏರುತ್ತಿದ್ದ. ನಿದ್ದೆಗಣ್ಣಿನಲ್ಲಿ ಕಂಬಕ್ಕೊರಗಿ ಕೂತ ಮಗುವಿಗೆ, ಬಾಗಿಲ ಹಿಂದೆ ನಿಂತು ಕೇಳುವ ಹೆಂಗಸರಿಗೆ, ಕನ್ನಡ ಎಂದರೆ ಹೀಗೆ ಮೇಲೇರಿ ಆಡುವ ಮಾತು. ನೆನಪಿನ ಬರಹಗಳು ‘ಮನೆಯ ಕನ್ನಡ’ ಎನ್ನುವಾಗ ಹಂಬಲಿಸುವುದು ಬಹುತೇಕ ಈ ಜಗಲಿಗಾಗಿ. ತಾಯಿಯ ಮಾತಿನ ಹಂಬಲವಾಗಿ ಅದನ್ನು ಓದುವುದು ಅವಸರದ ಓದು.

ಜಗಲಿಗೆ ಅಂಚೂ ಇತ್ತು. ಅದರ ಕೆಳಗಿನ ಅಂಗಳದಲ್ಲಿ ನಿಂತವರು ಕೊರಗರು, ಮೊಗೇರರು, ಇತರ ದುಡಿಯುವ ಜಾತಿಗಳವರು; ಮೇಲೆ ಹತ್ತಲು ಅವರಿಗೆ ಅವಕಾಶವಿರಲಿಲ್ಲ. ನೇಜಿ ನೆಡುವ ಹೆಂಗಸರು ಗದ್ದೆಯಲ್ಲಿ ಹಾಡಿದ್ದು ತುಳುವಿನ ಪಾಡ್ದನಗಳನ್ನು. ಬಾಯಾರು, ಪಡ್ರೆ, ಶೇಣಿ ಕಡೆಯ ಬಾಲ್ಯಸ್ಮೃತಿಗಳಿಗೆ ಸುರಂಗದ ತಣ್ಣೀರು ಪ್ರಿಯವಾದ ವಿಷಯ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಬ್ಬನೇ ಬಗ್ಗಿ ನಡೆಯುವಷ್ಟು ಅಗಲದ ಕತ್ತಲ ಓಣಿಯಿಂದ ನೀರನ್ನು ಹರಿಸಿ ತೋಟದ ಕೆರೆಗೆ ತರುವ ಈ ವಿಧಾನ ನಿಜಕ್ಕೂ ಬೆರಗಿನದು. ಆದರೆ ಚಿಮಿಣಿ ದೀಪದ ಬೆಳಕಿನಲ್ಲಿ, ಉಸಿರುಗಟ್ಟುವ ಆ ಓಣಿಯಲ್ಲಿ ಪಿಕಾಸಿ ಹಿಡಿದವನ ಮಗುವಿನ ನೆನಪು ಅಚ್ಚಾದದ್ದು ಕಡಮೆ. ನಿರಂಜನರ ‘ಚಿರಸ್ಮರಣೆ’ (1955) ಇದೇ ತಾಲೂಕಿನ ದಕ್ಷಿಣ ಭಾಗದ ಕಯ್ಯೂರಿನ ರೈತರನ್ನು ಕುರಿತದ್ದು. ನೀಲೇಶ್ವರದಲ್ಲಿ ಶಾಲೆ ಓದಿದ ಲೇಖಕ ಮಲಯಾಳ ಮಾತಾಡುವ ಗೇಣಿದಾರರ ಬದುಕನ್ನು ಕನ್ನಡದಲ್ಲಿ ಬರೆದರು. ಕಾಸರಗೋಡಿನ ಕನ್ನಡ ಸ್ಮೃತಿಯ ಚರ್ಚೆಯಲ್ಲಿ ಈ ಕಾದಂಬರಿ ಸಾಮಾನ್ಯವಾಗಿ ಹೊರಗುಳಿಯುವುದು ಆಕಸ್ಮಿಕವೆನಿಸದು.

ಇನ್ನು ಕಾಲದ ಪ್ರಶ್ನೆ. ದೊಡ್ಡ ಮನೆ ಬರಿದಾದದ್ದು ಯಾವಾಗ? ನೆನಪು 1956 ಎನ್ನುತ್ತದೆ. ದಾಖಲೆ ಬೇರೆ ದಿನಾಂಕಗಳನ್ನು ಮುಂದಿಡುತ್ತದೆ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿ ಮಲಬಾರ್ ಜಿಲ್ಲೆಯ ಭಾಗವಾಯಿತು. 1957ರ ಜನವರಿಯಲ್ಲಿ ಮಲಬಾರ್ ಒಡೆದಾಗ ಕಣ್ಣೂರು ಜಿಲ್ಲೆಗೆ ಬಂತು. 1984ರಲ್ಲಿ ತಾನೇ ಜಿಲ್ಲೆಯಾಯಿತು. ಇವುಗಳಿಂದ ಪಟ್ಟಾಯದ ಅಕ್ಕಿ ಕರಗಲಿಲ್ಲ. ಅದು ಕರಗಿದ್ದು ಕೇರಳದ 1963ರ ಭೂಸುಧಾರಣಾ ಕಾಯ್ದೆಗೆ 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಗೇಣಿ ಪದ್ಧತಿಯೇ ಅಳಿದಾಗ. ಅವಿಭಕ್ತ ಕುಟುಂಬಕ್ಕೆ ಕಾನೂನಿನ ಕೊನೆ ಬಂದದ್ದು 1975ರ ಹಿಂದೂ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆಯಿಂದ. 1976ರ ಡಿಸೆಂಬರ್ 1ರಂದು ಅದು ಜಾರಿಗೆ ಬಂದಾಗ ಅಳಿಯಸಂತಾನದ ಮನೆಗಳು, ಅಂದರೆ ತಾಯಿಯ ಕಡೆಯಿಂದಲೇ ಇಳಿದುಬಂದ, ಸೋದರಮಾವ ಯಜಮಾನನಾಗಿದ್ದ ಮನೆಗಳು, ಪಾಲುಗಳ ಲೆಕ್ಕವಾದವು. ಗಡಿಯ ಈಚೆ ಪುತ್ತೂರು, ಬಂಟ್ವಾಳಗಳಲ್ಲಿ ಗೇಣಿ ಜಮೀನು ಮನೆಯ ಕೈಬಿಟ್ಟದ್ದು ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿಯಿಂದ, 1974ರಲ್ಲಿ. ಕರ್ನಾಟಕದಲ್ಲೇ ಉಳಿದ ಆ ಮನೆಗಳ ಮಕ್ಕಳೂ ಬರಿದಾದ ಪಟ್ಟಾಯದ ಬಗ್ಗೆ ಇದೇ ಧಾಟಿಯಲ್ಲಿ ಬರೆದಿದ್ದಾರೆ. ಭಾಷಾವಾರು ಗಡಿಯ ಎರಡೂ ಬದಿಯಲ್ಲಿ ಒಂದೇ ಬಗೆಯ ವಿಷಾದವಿದ್ದರೆ, ಅದರ ಕಾರಣವನ್ನು ಗಡಿಯಲ್ಲಿ ಹುಡುಕುವುದು ಕಷ್ಟ. ಅಂಗಳದಲ್ಲಿ ನಿಂತಿದ್ದವರ ಪಾಲಿಗಂತೂ 1970 ವಿಷಾದದ ವರ್ಷವೇ ಅಲ್ಲ.

ಇದರಿಂದ 1956ರ ಗಾಯ ಸಣ್ಣದೆಂದು ತಿಳಿಯಬೇಕಾಗಿಲ್ಲ; ಅದು ತಗಲಿದ ಜಾಗ ಬೇರೆ. ಅಡುಗೆಮನೆಯ ತುಳು, ಕೊಂಕಣಿ, ಹವ್ಯಕ ಯಾವುದೂ ಆ ದಿನ ಬದಲಾಗಲಿಲ್ಲ. ಬದಲಾದದ್ದು ಜಗಲಿ. ಕಚೇರಿಯ ನೋಟೀಸು, ನೋಂದಣಿಯ ಕಾಗದ, ಉದ್ಯೋಗದ ಪರೀಕ್ಷೆ, ಬಸ್ಸಿನ ಫಲಕ ಇವೆಲ್ಲ ಕ್ರಮೇಣ ಮಲಯಾಳಕ್ಕೆ ತಿರುಗಿದವು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡಿಗರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದೊಡನೆ ವ್ಯವಹರಿಸುವ ಅವಕಾಶವನ್ನು ಇಟ್ಟಿತಾದರೂ, ಅವಕಾಶವಾಗಿ ಉಳಿದ ನುಡಿಗೂ ರೂಢಿಯಾಗಿದ್ದ ನುಡಿಗೂ ಅಂತರವಿದೆ. ನಾಲ್ಕೈದು ಮನೆಮಾತುಗಳ ಜನ ಒಟ್ಟಾಗಿ ಓದಲು, ಬರೆಯಲು, ವಾದಿಸಲು ಒಪ್ಪಿಕೊಂಡಿದ್ದ ನುಡಿಯನ್ನು ಗಡಿಯು ಒಂದು ಅಲ್ಪಸಂಖ್ಯಾತ ಗುಂಪಿನ ಸ್ವತ್ತಾಗಿಸಿತು. ಕಳೆದುಹೋದದ್ದು ಭಾಷೆಗಳ ನಡುವಿನ ಆ ಏರ್ಪಾಡು.

ಇದು ಬರಿಯ ಸ್ಮೃತಿವಿಮರ್ಶೆಯ ಸೂಕ್ಷ್ಮವಲ್ಲ, ಹಕ್ಕಿನ ಪ್ರಶ್ನೆ. ರಾಜ್ಯಗಳು ಮರುವಿಂಗಡಣೆಯಾದ ದಿನವೇ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ‘ಮಾತೃಭಾಷೆ’ಯಲ್ಲಿ ಶಿಕ್ಷಣದ ಸೌಲಭ್ಯ ಕಲ್ಪಿಸುವುದು ಅದರ ಆಶಯ. ಜನಗಣತಿಯಲ್ಲಿ ತುಳುವಿಗೂ ಕೊಂಕಣಿಗೂ ಪ್ರತ್ಯೇಕ ಎಣಿಕೆ. ಆದುದರಿಂದ ಕನ್ನಡ ಶಾಲೆಗೆ ತಲೆಮಾರುಗಳಿಂದ ಮಕ್ಕಳನ್ನು ಕಳುಹಿಸಿದ ತುಳು ಮನೆ, ಲೆಕ್ಕದ ಕೋಷ್ಟಕದಲ್ಲಿ ಕನ್ನಡದ ಮನೆಯಲ್ಲ. ಮಹಾಜನ ಆಯೋಗ 1967ರ ತನ್ನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು; ಅದು ಜಾರಿಯಾಗಲಿಲ್ಲ. ಅಂದಿನಿಂದ ವಾದವೆಲ್ಲ ‘ಯಾರ ಮನೆಮಾತು ಎಷ್ಟು’ ಎಂಬ ಸಂಖ್ಯೆಗೆ ಬಂದು ನಿಲ್ಲುತ್ತಿದೆ. ಹತ್ತನೆಯ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರ ಕೇರಳ ಕಾಯ್ದೆಯ ಸುತ್ತ ನಡೆದ ಚರ್ಚೆಯೂ ಅಲ್ಲಿಗೇ ಬಂತು. ಕನ್ನಡದ ಪರ ವಾದಿಸುವವರು ‘ಇವೆಲ್ಲ ಕನ್ನಡದ ಮನೆಗಳೇ’ ಎಂದಾಗ ತುಳುವ ಮುನಿಯುತ್ತಾನೆ, ಅದರಲ್ಲಿ ನ್ಯಾಯವಿದೆ. ‘ಇವು ತುಳುವಿನ ಮನೆಗಳು, ಕನ್ನಡಕ್ಕೇನು ಹಕ್ಕು’ ಎಂದು ಆಡಳಿತ ಕೇಳಿದಾಗ ಜಗಲಿಯ ಇತಿಹಾಸ ಇಡಿಯಾಗಿ ಅಳಿಸಿಹೋಗುತ್ತದೆ. ಎರಡೂ ಕಡೆಯವರು ಒಪ್ಪಿಕೊಂಡಿರುವ ಪೂರ್ವಗ್ರಹ ಒಂದೇ: ಒಂದು ಮನೆಗೆ ಒಂದು ಮಾತು.

ಗಣತಿಯ ನಮೂನೆಯಲ್ಲೇ ಇದಕ್ಕೆ ಒಂದು ಕಿಂಡಿಯಿದೆ. ಮಾತೃಭಾಷೆಯ ಅಂಕಣದ ಬದಿಯಲ್ಲಿ, ವ್ಯಕ್ತಿ ಬಲ್ಲ ಇತರ ಎರಡು ಭಾಷೆಗಳಿಗೆ ಜಾಗವಿರುತ್ತದೆ. ಕಾಸರಗೋಡಿನ ಕನ್ನಡದ ಬಹುಪಾಲು ಇತಿಹಾಸ ಕೂತಿರುವುದು ಆ ಅಂಕಣದಲ್ಲಿ. ಗಡಿನಾಡಿನ ಅಹವಾಲುಗಳು ಅದನ್ನು ಆಧಾರವಾಗಿ ಬಳಸಿದ್ದು ಅಪರೂಪ. ಸಂಖ್ಯೆಗಿಂತ ಗಟ್ಟಿಯಾದ ಸಾಕ್ಷ್ಯವೂ ಇದೆ, ಆದರೆ ಅದು ಹಳೆಯ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿದೆ: ಗೇಣಿಚೀಟುಗಳು, ಅಡಕೆಯ ಲೆಕ್ಕ, ತಾಳಮದ್ದಳೆಯ ಕರಪತ್ರ, ಪ್ರಸಂಗದ ಕೈಬರಹ, ಮಂಗಳೂರಿನ ಹಾಸ್ಟೆಲಿನಿಂದ ಬಂದ ಕಾಗದ. ಮನೆಗಳನ್ನು ಕೆಡವುವಾಗ ಮರದ ಕಂಬಕ್ಕೆ, ಕೆತ್ತನೆಯ ಬಾಗಿಲಿಗೆ ಗಿರಾಕಿ ಸಿಗುತ್ತಾನೆ. ಟ್ರಂಕು ಗುಜರಿಗೆ ಹೋಗುತ್ತದೆ, ಕಾಗದ ಬಚ್ಚಲೊಲೆಗೆ. ಆ ಕಾಗದಗಳ ನಡುವೆ ಮದುವೆಯ ಕರೆಯೋಲೆಗಳೂ ಇರುತ್ತವೆ. ಮುಹೂರ್ತದ ಮನೆಯಲ್ಲಿ ಮಾತೆಲ್ಲ ತುಳು, ಅಥವಾ ಕೊಂಕಣಿ, ಅಥವಾ ಕರಾಡ. ಬಂಧುಗಳನ್ನು ಕರೆದ ಓಲೆ ಮಾತ್ರ ಅಚ್ಚಾದದ್ದು ಕನ್ನಡದಲ್ಲಿ.