ಅಟ್ಟದ ಗೊಂಬೆ, ಕತ್ತರಿಸಿದ ದಾರ

ಹೆಂಚು ಬದಲಿಸೋಕೆ ಅಂತ ಅಟ್ಟದ ಸಾಮಾನೆಲ್ಲ ಇಳಿಸಿದಾಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಮರದ ಗೊಂಬೆ ಕೈಗೆ ಬಂತು. ಅದು ಅಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಾತನ ಕಾಲದಲ್ಲಿ ಗೊಂಬೆಮೇಳದವರು ಊರಿಗೆ ಬಂದಿದ್ದರಂತೆ, ಹಳೇದಾಯ್ತು ಅಂತ ಒಂದು ಗೊಂಬೆಯನ್ನ ತಾತನಿಗೆ ಕೊಟ್ಟು ಹೋದರಂತೆ. ನಾನು ಚಿಕ್ಕಂದಿನಿಂದ ಕೇಳಿದ್ದು ಇಷ್ಟೇ. ಗೊಂಬೆ ರಿಪೇರಿಗೆ ಕೂತ ಮೇಲೆ ಈ ಕತೆ ನಿಲ್ಲಲಿಲ್ಲ. ಅದನ್ನ ಇಲ್ಲಿ ಬರೆದಿಡ್ತಾ ಇದೀನಿ.

ಮೊದಲು ಇದು ಯಾವ ಥರದ ಗೊಂಬೆ ಅಂತ ಹೇಳಬೇಕು. ಗೊಂಬೆಯಾಟ ಅಂದ ಕೂಡಲೇ ಬಹಳ ಜನಕ್ಕೆ ತೊಗಲುಗೊಂಬೆ ನೆನಪಾಗುತ್ತೆ. ಅದು ಚರ್ಮದ್ದು, ಪರದೆಯ ಹಿಂದೆ ದೀಪ ಇಟ್ಟು ತೋರಿಸೋದು. ಮರದ ಗೊಂಬೆ ಬೇರೆ, ಅದರಲ್ಲೂ ನಮ್ಮ ರಾಜ್ಯದಲ್ಲಿ ಎರಡು ದಾರಿ ಇದೆ. ಕುಂದಾಪುರದ ಹತ್ತಿರ ಉಪ್ಪಿನಕುದ್ರುವಿನ ಕಾಮತ್ ಮನೆತನದವರು ಆಡಿಸೋದು ಯಕ್ಷಗಾನದ ಗೊಂಬೆ. ವೇಷ, ಭಾಗವತಿಕೆ, ಪ್ರಸಂಗ ಎಲ್ಲ ಯಕ್ಷಗಾನದ್ದೇ. ಅಲ್ಲಿ ಗೊಂಬೆಯ ಕೈ, ಕಾಲು, ತಲೆ ಎಲ್ಲಕ್ಕೂ ದಾರ. ಕೊಗ್ಗ ಕಾಮತರು ಅದಕ್ಕೆ ದೊಡ್ಡ ಹೆಸರು ತಂದರು, ಅವರ ನಂತರ ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸಿದರು.

ನಮ್ಮ ಹಳೇ ಮೈಸೂರು ಕಡೇದು ಸೂತ್ರ ಸಲಾಕೆ ಗೊಂಬೆ. ಇಲ್ಲಿ ಆಡಿಸುವವನು ತಲೆ ಮೇಲೆ ಸಿಂಬೆ ಇಟ್ಕೊಳ್ತಾನೆ. ಸಿಂಬೆಯಿಂದ ಇಳಿಬಿಟ್ಟ ದಾರಗಳು ಗೊಂಬೆಯ ಕಿವಿ ಹತ್ತಿರ ಕಟ್ಟಿರುತ್ವೆ, ಭಾರವೆಲ್ಲ ಅದರ ಮೇಲೆ. ಗೊಂಬೆಯ ಕೈಗೆ ಮಾತ್ರ ಕಬ್ಬಿಣದ ಸಲಾಕೆ, ಅವನ್ನ ಎರಡು ಕೈಲೂ ಹಿಡಿದು ಮೇಲಿಂದ ಆಡಿಸೋದು. ಆಡಿಸುವವನು ಕತ್ತು ತಿರುಗಿಸಿದರೆ ಗೊಂಬೆ ತಿರುಗುತ್ತೆ, ಅವನು ಬಾಗಿದರೆ ಅದೂ ಬಾಗುತ್ತೆ. ತಮಿಳುನಾಡಿನ ಬೊಮ್ಮಲಾಟ್ಟದಲ್ಲೂ ಇದೇ ಕ್ರಮ, ಅಲ್ಲಿ ತಲೆಗೆ ಕಬ್ಬಿಣದ ಬಳೆ. ಅಲ್ಲಿಯ ದೊಡ್ಡ ಗೊಂಬೆ ನಾಲ್ಕೂವರೆ ಅಡಿ ಎತ್ತರ, 10 ಕೆ.ಜಿ. ತೂಕದವರೆಗೂ ಇರುತ್ತೆ. ರಾಜಸ್ಥಾನದ ಕಠಪುತಲಿ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತೆ. ಅದಕ್ಕೆ ಕಾಲೇ ಇಲ್ಲ, ಉದ್ದ ಲಂಗ ಅಷ್ಟೇ, ಬೆರಳಿಗೆ ದಾರ ಸುತ್ತಿಕೊಂಡು ಕುಣಿಸಬಹುದು. ನಮ್ಮದು ತಲೆಹೊರೆಯ ಆಟ. ಹುಲ್ಲಿನ ಹೊರೆ ಹೊತ್ತವರಿಗೆ ಸಿಂಬೆ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಟ್ಟದ್ದು ರಾಜನ ಗೊಂಬೆ. ಎರಡೂವರೆ ಅಡಿ ಎತ್ತರ, ಕೊಕ್ಕೆ ತಕ್ಕಡಿಗೆ ಹಾಕಿದರೆ ಐದೂವರೆ ಕೆ.ಜಿ. ದಪ್ಪ ಮೀಸೆ, ಅಗಲ ಕಣ್ಣು. ಬಟ್ಟೆ ಇಲಿ ಕಡಿದು ಚಿಂದಿಯಾಗಿತ್ತು. ಬೆನ್ನಿಗೆ ಕುಟ್ಟೆ ಹಿಡಿದು ತಟ್ಟಿದರೆ ಹಿಟ್ಟು ಉದುರುತ್ತಿತ್ತು. ಚೀಲದ ತಳದಲ್ಲಿ ಒಂದು ಸಲಾಕೆ ಸಿಕ್ಕಿತು, ಇನ್ನೊಂದು ಇಲ್ಲ.

ಮೊದಲ ವಾರ ನಾನು ಮಾಡಿದ್ದು ಧೂಳು ಒರೆಸಿದ್ದು ಮತ್ತು ನೋಡಿದ್ದು ಅಷ್ಟೇ. ಬಿಸಿಲಿಗೆ ಇಡಲಿಲ್ಲ, ಹಳೇ ಮರ ಒಮ್ಮೆಲೇ ಬಿಸಿಲು ಕಂಡರೆ ಸೀಳುತ್ತೆ. ನೆರಳಲ್ಲಿಟ್ಟು ಕುಟ್ಟೆ ತೂತಿಗೆ ಬೇವಿನೆಣ್ಣೆ ಬಿಟ್ಟೆ. ಪೊಳ್ಳಾದ ಜಾಗಕ್ಕೆ ಮರದ ಹೊಟ್ಟನ್ನ ಹುಣಸೆ ಬೀಜದ ಅಂಟಲ್ಲಿ ಕಲಸಿ ಮೆತ್ತಿದೆ. ಇದು ನನ್ನ ಬುದ್ಧಿ ಅಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಹಿಂದಿನಿಂದ ಇಂಥದ್ದೇ ಅಂಟು ಬಳಸ್ತಾರೆ. ಫೆವಿಕಾಲ್ ಬೇಗ ಹಿಡಿಯುತ್ತೆ ನಿಜ, ಆದರೆ ನಾಳೆ ಬಿಚ್ಚಬೇಕು ಅಂದರೆ ಮರವೂ ಕಿತ್ತು ಬರುತ್ತೆ. ಹುಣಸೆ ಅಂಟು ನೀರಿಗೆ ನೆನೆಯುತ್ತೆ, ಬಿಡುತ್ತೆ. ಮುಂದೆ ರಿಪೇರಿ ಮಾಡುವವನಿಗೆ ದಾರಿ ಬಿಡಬೇಕು.

ನನಗಿಂತ ಹಿಂದೆ ರಿಪೇರಿ ಮಾಡಿದವರೂ ಇದ್ದರು ಅಂತ ಆಗ ಕಣ್ಣಿಗೆ ಬಿತ್ತು. ಬಲಗೈ ಮೊಣಕೈ ಕೀಲು ಚರ್ಮದ ಪಟ್ಟಿಯದು, ಕುಲುಮೆಯಲ್ಲಿ ಬಡಿದ ಮೊಳೆ. ಎಡಗೈಯಲ್ಲಿ ಅದೇ ಜಾಗದಲ್ಲಿ ತಂತಿ ಸುತ್ತಿದೆ. ಮೊಣಕಾಲಲ್ಲಿ ಸೈಕಲ್ ಟ್ಯೂಬಿನ ತುಂಡು, ಅಂಗಡಿ ಮೊಳೆ. ಮೂರು ಕಾಲದ ಕೆಲಸ ಒಂದೇ ಗೊಂಬೆಯಲ್ಲಿ. ನೆತ್ತಿಯಲ್ಲಿ ಮೊಳೆ ತೂತು ಎರಡು ಸಾಲು, ಎರಡು ಅಳತೆ. ಅಂದರೆ ಒಂದು ಪ್ರಸಂಗಕ್ಕೆ ಒಂದು ಕಿರೀಟ, ಇನ್ನೊಂದಕ್ಕೆ ಬೇರೆ. ಒಂದೇ ಗೊಂಬೆ ಹಲವು ರಾಜರಾಗಿ ದುಡಿದಿದೆ.

ಆಮೇಲೆ ದಾರ ನೋಡಿದೆ. ಎರಡೂ ಕಿವಿಯಲ್ಲಿ ಒಂದೊಂದು ಗೇಣು ಹತ್ತಿ ಹುರಿ ಉಳಿದಿತ್ತು, ರಾತ್ರಿ ಆಟದಲ್ಲಿ ಕಾಣಬಾರದು ಅಂತ ಕಪ್ಪು ಬಳಿದದ್ದು. ಸವೆದು ಹರಿದ ಹುರಿ ಹೇಗಿರುತ್ತೆ ಅಂತ ಎತ್ತು ಕಟ್ಟುವವರಿಗೆ ಗೊತ್ತು. ಉಜ್ಜುವ ಜಾಗದಲ್ಲಿ ಎಳೆ ಎಳೆಯಾಗಿ ಬಿಚ್ಚಿ, ಒಂದೊಂದೇ ಎಳೆ ಹೋಗಿ ಹರಿಯುತ್ತೆ. ಇಲ್ಲಿ ಕಿವಿಯ ತೂತಿನ ಹತ್ತಿರ ಹುರಿ ಗಟ್ಟಿಯಾಗೇ ಇತ್ತು. ಮೇಲೆ ಎರಡೂ ಒಂದೇ ಅಳತೆಗೆ ನೇರವಾಗಿ ಕತ್ತರಿಸಿತ್ತು. ಕುಡುಗೋಲೋ ಚಾಕುವೋ, ಒಂದೇ ಏಟು.

ಹಳೇದಾಯ್ತು ಅಂತ ಕೊಟ್ಟ ಗೊಂಬೆಗೆ ಹೊಸ ಹುರಿ ಯಾಕೆ? ಸಿಂಬೆ ಆಡಿಸುವವನದು, ಬೇರೆ ಗೊಂಬೆಗೂ ಅದೇ ಬೇಕು. ಅದಕ್ಕೇ ಸಿಂಬೆ ಉಳಿಸಿಕೊಂಡು ಗೊಂಬೆ ಕತ್ತರಿಸಿ ಕೊಟ್ಟಿದ್ದಾರೆ. ಅಂದರೆ ಆಟದಲ್ಲಿದ್ದ ಗೊಂಬೆಯನ್ನೇ ಬಿಟ್ಟು ಹೋಗಿದ್ದಾರೆ.

ಎಂಬತ್ತು ದಾಟಿದ ಸೋದರತ್ತೆಗೆ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಅಡ ಇಟ್ಟು ಹೋಗಿದ್ದು ಕಣಪ್ಪ. ಒಂದು ಪಲ್ಲ ರಾಗಿಗೆ. ಬಿಡಿಸ್ಕೊಳ್ಳೋಕೆ ಬರಲೇ ಇಲ್ಲ."

ಅದು 1966ರ ಮಾತು. 1965, 1966 ಎರಡೂ ವರ್ಷ ದೇಶದ ಬಹುಭಾಗದಲ್ಲಿ ಮುಂಗಾರು ಕೈಕೊಟ್ಟಿತ್ತು. ಅಮೆರಿಕದಿಂದ ಪಿ.ಎಲ್. 480 ಗೋಧಿ ಹಡಗಿನಲ್ಲಿ ಬರ್ತಿದ್ದ ಕಾಲ. ಗೊಂಬೆ ಆಡಿಸಿದರೆ ಮಳೆ ಬರುತ್ತೆ, ದನದ ರೋಗ ಹೋಗುತ್ತೆ ಅಂತ ನಮ್ಮ ಹಿರಿಯರು ನಂಬಿದ್ದರು. ಮಳೆ ಹೋಯ್ತು ಅಂತಲೇ ಊರಿನವರು ಆ ಮೇಳವನ್ನ ಕರೆಸಿದ್ದಂತೆ. ಈ ನಂಬಿಕೆಯೊಳಗೇ ಮೇಳದವರ ಕಷ್ಟ ಇತ್ತು ಅನ್ನೋದು ನನಗೆ ಈಗ ಹೊಳೆಯಿತು. ಅವರಿಗೆ ಸಂಭಾವನೆ ಕಾಳಿನಲ್ಲಿ. ಬರ ಬಂದ ವರ್ಷವೇ ಊರೂರಿಂದ ಕರೆ, ಅದೇ ವರ್ಷ ಯಾವ ಊರಲ್ಲೂ ಕೊಡೋಕೆ ಕಾಳಿಲ್ಲ. ಗೊಂಬೆಯಾಟ ಯಾಕೆ ಹೋಯ್ತು ಅಂದರೆ ಸಿನಿಮಾ ಟೆಂಟ್ ಬಂತು, ಟಿ.ವಿ. ಬಂತು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅವು ಬಂದಿದ್ದು ನಿಜ. ಆದರೆ ನಮ್ಮೂರಿಗೆ ಬಂದ ಮೇಳದ ರಾಜ ಹೋಗಿದ್ದು ಸಿನಿಮಾದಿಂದಲ್ಲ, ಒಂದು ಪಲ್ಲ ರಾಗಿಯಿಂದ. ರಾಜನಿಲ್ಲದೆ ಅವರು ಮುಂದಿನ ಊರಲ್ಲಿ ಯಾವ ಪ್ರಸಂಗ ಆಡಿದರೋ.

"ತಾತ ಯಾಕೆ ಸುಮ್ನೆ ಕೊಡಲಿಲ್ಲ?" ಅಂತ ಅತ್ತೆನ ಕೇಳಿದೆ. "ನಮ್ಮ ಹಗೇವೇ ತಳ ಕಂಡಿತ್ತಪ್ಪ. ಸುಮ್ನೆ ಕೊಟ್ರೆ ಊರೆಲ್ಲ ಬಂದು ಬಾಗಿಲಲ್ಲಿ ನಿಲ್ತಾರೆ ಅಂತ ಅಡ ಅಂದ್ರು. ಬಂದು ಕೇಳಿದ್ರೆ ಹಂಗೇ ಕೊಟ್ಬಿಡ್ತಿದ್ರು." ಇರಬಹುದು. ಆದರೂ ಅಡವನ್ನ ನಾವು ದಾನ ಅಂತ ಹೇಳಿಕೊಂಡು ಬಂದಿದ್ದು ಮಾತ್ರ ನಿಜ.

ದಾರದ ಗೊಂಬೆಯ ಹೋಲಿಕೆ ಬಹಳ ಹಳೇದು. ಮಹಾಭಾರತದ ಉದ್ಯೋಗಪರ್ವದಲ್ಲಿ ಧೃತರಾಷ್ಟ್ರ ವಿದುರನ ಮುಂದೆ ಮನುಷ್ಯನನ್ನ ದಾರಕ್ಕೆ ಪೋಣಿಸಿದ ಮರದ ಗೊಂಬೆಗೆ ಹೋಲಿಸ್ತಾನೆ. ತಮಿಳಿನ ತಿರುಕ್ಕುರಳಿನಲ್ಲೂ ದಾರದಿಂದ ಜೀವ ಬಂದ ಹಾಗೆ ಕಾಣುವ ಮರದ ಗೊಂಬೆಯ ಮಾತಿದೆ. ಎಲ್ಲರೂ ದಾರ ಎಳೆಯುವ ಕೈ ಬಗ್ಗೆ ಹೇಳಿದರು. ಎಳೆಯುವ ಕೈಗೂ ಹೊಟ್ಟೆ ಇದೆ.

ಇಷ್ಟು ಗೊತ್ತಾದ ಮೇಲೆ ಗೊಂಬೆಯನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಯೋಚನೆ ಬಿಟ್ಟೆ. ಆಡೋ ಹಾಗೆ ಕಟ್ಟಬೇಕು ಅನ್ನಿಸ್ತು. ಕೀಲುಗಳಲ್ಲಿ ಸತ್ತಿದ್ದ ಟ್ಯೂಬ್ ತುಂಡು ಮಾತ್ರ ತೆಗೆದು ಚರ್ಮ ಹಾಕಿದೆ, ತಂತಿ ಹಾಗೇ ಬಿಟ್ಟೆ. ನೈಲಾನ್ ಹಗ್ಗ ಕಟ್ಟಿ ನೋಡಿದೆ, ಗಂಟು ಜಾರುತ್ತೆ, ಭಾರಕ್ಕೆ ಹಿಗ್ಗುತ್ತೆ. ಹತ್ತಿ ಹುರಿಯನ್ನೇ ಹೊಸೆದು, ಒಂದು ದಿನ ಕಲ್ಲು ಕಟ್ಟಿ ಜೋತು ಬಿಟ್ಟು, ಹಿಗ್ಗೋದೆಲ್ಲ ಹಿಗ್ಗಿದ ಮೇಲೆ ಜೇನುಮೇಣ ಸವರಿದೆ. ಭಾರ ಹೊರುವ ಕಿವಿದಾರ ಮೊದಲು, ಸಲಾಕೆ ಕೊನೆಗೆ. ಕಾಣೆಯಾದ ಸಲಾಕೆಗೆ ಇರೋದರ ಅಳತೆ ಕೊಟ್ಟು ಕುಲುಮೆಯಲ್ಲಿ ಮಾಡಿಸಿದೆ.

ತೊಲೆಗೆ ಕಟ್ಟಿ ಕಿವಿದಾರ ಎರಡನ್ನೂ ಸಮ ಮಾಡಿದೆ. ಆಮೇಲೆ ಸಿಂಬೆ ನನ್ನ ತಲೆಗಿಟ್ಟು ಸಲಾಕೆ ಹಿಡಿದರೆ ಕೈಗೆ ಎಟುಕದು, ಸೊಂಟ ಬಗ್ಗಿಸಬೇಕು. ನನ್ನ ಹೆಂಡತಿ ಹಿಡಿದಳು, ಸರಿಯಾಗಿ ಕೂತಿತು. ಆಗ ತಿಳೀತು, ದಾರ ಸಲಾಕೆಯ ಅಳತೆ ಗೊಂಬೆಯದಲ್ಲ, ಆಡಿಸುವವನ ಎತ್ತರದ್ದು. ಅಡ ಇಟ್ಟು ಹೋದ ಆ ಮನುಷ್ಯ ಗಿಡ್ಡ ಆಳು. ಹೆಸರು ಅತ್ತೆಗೂ ನೆನಪಿಲ್ಲ, ಎತ್ತರ ಮಾತ್ರ ಉಳಿದಿದೆ.

ಪಕ್ಕದ ತಾಲ್ಲೂಕಿನಲ್ಲಿ ಇನ್ನೂ ಗೊಂಬೆ ಆಡಿಸುವ ಒಬ್ಬ ಹಿರಿಯರ ಹತ್ತಿರ ಹೋದ ವಾರ ತಗೊಂಡು ಹೋದೆ. ತಲೆಗೆ ಸಿಂಬೆ ಇಟ್ಟು ಎರಡು ಹೆಜ್ಜೆ ಹಾಕಿ ನಿಂತರು. "ಎಡಗಿವಿ ದಾರ ಅರ್ಧ ಬೆಟ್ಟು ಉದ್ದ ಆಗಿದೆ ಸ್ವಾಮಿ, ರಾಜ ಪಕ್ಕಕ್ಕೆ ನೋಡ್ತಾವ್ನೆ" ಅಂದರು. ನಾನು ಮೂರು ದಿನ ಒದ್ದಾಡಿದ್ದನ್ನ ಒಂದು ಗಂಟಲ್ಲಿ ಸರಿ ಮಾಡಿದರು. ರಾಜ ನೇರ ನೋಡಿದ.

ಗೊಂಬೆ ಅವರ ಹತ್ತಿರವೇ ಬಿಟ್ಟು ಬಂದೆ. ಆ ಮೇಳದ ವಂಶದವರು ಯಾರಾದರೂ ಸಿಕ್ಕರೆ ಅವರಿಗೆ ಸೇರಬೇಕು, ಅಲ್ಲಿಯವರೆಗೆ ಆಡ್ತಾ ಇರಲಿ ಅಂತ ಮಾತು. ಕತ್ತರಿಸಿದ ಹಳೇ ಹುರಿ ಎರಡು ಗೇಣು ಮಾತ್ರ ಮನೆಯಲ್ಲಿಟ್ಟುಕೊಂಡಿದೀನಿ, ನಮ್ಮ ಮಕ್ಕಳಿಗೆ ಕತೆ ಸರಿಯಾಗಿ ಹೇಳೋಕೆ.

ನಿಮ್ಮ ಅಟ್ಟದಲ್ಲೂ ಇಂಥದ್ದು ಇದ್ದರೆ, ಸೋಪು ನೀರು ಹಾಕಿ ತೊಳೆಯೋಕೆ ಮುಂಚೆ, ಹಳೇ ದಾರ ಕಿತ್ತು ಬಿಸಾಕೋಕೆ ಮುಂಚೆ, ಒಂದು ಸಲ ದಾರದ ತುದಿ ನೋಡಿ. ಹರಿದಿದೆಯೋ, ಕತ್ತರಿಸಿದೆಯೋ ಅಂತ.