ಅಳಿಸಿದ ಉನ್ನತಾಂಶ: 1926ರ ಬರ್ಡ್ ಧ್ರುವಯಾನದಲ್ಲಿ ಒಂದು ಸೂರ್ಯವೇಧದ ಪ್ರಾಮಾಣ್ಯವಿಚಾರ

1926ನೆಯ ಇಸವಿಯ ಮೇ 9ರಂದು ಅಮೆರಿಕದ ನೌಕಾಧಿಕಾರಿ ರಿಚರ್ಡ್ ಬರ್ಡ್ ಮತ್ತು ವಿಮಾನಚಾಲಕ ಫ್ಲಾಯ್ಡ್ ಬೆನೆಟ್ ಇವರು ಸ್ಪಿಟ್ಸ್‌ಬರ್ಗೆನ್ ದ್ವೀಪದ ಕಿಂಗ್ಸ್ ಬೇ ಎಂಬ ನೆಲೆಯಿಂದ, ಮೂರು ಎಂಜಿನ್ನುಗಳ 'ಜೋಸೆಫೀನ್ ಫೋರ್ಡ್' ಎಂಬ ಫೋಕರ್ ವಿಮಾನದಲ್ಲಿ ಹೊರಟು, ಉತ್ತರಧ್ರುವವನ್ನು ಮುಟ್ಟಿ, ಅದೇ ದಿನ ಹೊರಟಲ್ಲಿಗೇ ಮರಳಿದರೆಂಬುದು ಬಹುಕಾಲ ನಿರ್ವಿವಾದವಾಗಿ ಅಂಗೀಕೃತವಾಗಿದ್ದ ಸಂಗತಿ. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯು ಬರ್ಡನ ಗಣನೆಗಳನ್ನು ಪರೀಕ್ಷಿಸಿ ಒಪ್ಪಿತು. ರಾಷ್ಟ್ರಾಧ್ಯಕ್ಷ ಕೂಲಿಜ್ ಪದಕವಿತ್ತು ಗೌರವಿಸಿದನು. ಇದಾದ ಮೂರೇ ದಿನಗಳಲ್ಲಿ, ಮೇ 12ರಂದು, ಆಮುಂಡ್‌ಸೆನ್, ಎಲ್ಸ್‌ವರ್ತ್ ಮತ್ತು ನೊಬಿಲೆ ಇವರಿದ್ದ 'ನಾರ್ಗೆ' ಎಂಬ ವಾಯುನೌಕೆಯು ಧ್ರುವದ ಮೇಲೆ ಹಾದು ಅಲಾಸ್ಕಕ್ಕೆ ಸಾಗಿದುದರಿಂದ, ಬರ್ಡನ ಯಾನವು ಅಸಿದ್ಧವೆಂದಾದರೆ ಆಕಾಶಮಾರ್ಗದಿಂದ ಧ್ರುವವನ್ನು ಮೊದಲು ಕಂಡ ಕೀರ್ತಿಯು ನಾರ್ಗೆಯ ಪಾಲಿಗೆ ಹೋಗುತ್ತದೆ. ವಿವಾದವು ಇಷ್ಟು ದೀರ್ಘವಾಗಿಯೂ ಕೆಲವೊಮ್ಮೆ ಕಟುವಾಗಿಯೂ ನಡೆದುದಕ್ಕೆ ಕಾರಣ ಇದೇ.

ಪೂರ್ವಸೂರಿಗಳ ಮತಗಳನ್ನು ಸಂಕ್ಷೇಪವಾಗಿ ಹೇಳಬಹುದು. ಆ ವಿಮಾನವನ್ನು ಅದೇ ವರ್ಷ ಅಮೆರಿಕದಲ್ಲಿ ಬೆನೆಟ್ಟನೊಡನೆ ಊರೂರಿಗೆ ನಡೆಸಿದ ನಾರ್ವೆಯ ಬೆರ್ಂಟ್ ಬಾಲ್ಖೆನ್, ಅದರ ಸಾಮಾನ್ಯ ವೇಗವು ಗಂಟೆಗೆ 70ರಿಂದ 75 ಮೈಲಿಯ ಆಸುಪಾಸಿನದೆಂದು ಕಂಡು ಶಂಕಿಸಿದನು. ಆ ಶಂಕೆಯು 1971ರಲ್ಲಿ ರಿಚರ್ಡ್ ಮಾಂಟೆಗ್ಯೂ ಬರೆದ ಗ್ರಂಥದ ಮೂಲಕ ಪ್ರಸಿದ್ಧಿಗೆ ಬಂತು. ಅದಕ್ಕೂ ಮೊದಲೇ, 1960ರಲ್ಲಿ, ಉಪ್ಸಾಲಾದ ಪವನಶಾಸ್ತ್ರಜ್ಞ ಗೋಸ್ಟಾ ಲಿಲ್ಯೆಕ್ವಿಸ್ಟ್ ಅಂದಿನ ಹವಾಮಾನವನ್ನು ಪರಿಶೀಲಿಸಿ, ಬರ್ಡನಿಗೆ ಬೇಕಾದ ಅನುಕೂಲಪವನವು ಆ ದಿನ ಇರಲಿಲ್ಲವೆಂದು ವಾದಿಸಿದ್ದರು. 1996ರಲ್ಲಿ ಬರ್ಡನ ದಿನಚರಿಯು ಬೆಳಕಿಗೆ ಬಂದಾಗ ಡೆನಿಸ್ ರಾಲಿನ್ಸ್ ಅದರಲ್ಲಿ ಅಳಿಸಿದ, ಆದರೂ ಓದಬರುವ, ಸೆಕ್ಸ್ಟೆಂಟ್ ಅಂಕೆಗಳನ್ನು ಗುರುತಿಸಿದರು. 1998ರಲ್ಲಿ ರೈಮಂಡ್ ಗೋರ್ಲರ್ ದಿನಚರಿಯನ್ನು ಸಂಪಾದಿಸಿ ಪ್ರಕಟಿಸಿದರು. 2013ರಲ್ಲಿ ಜೆರಾಲ್ಡ್ ನ್ಯೂಸಮ್ ಎಂಬ ಖಗೋಳಜ್ಞರು ಅಂದಿನ ವಾಯುಮಂಡಲವನ್ನು ಗಣಕದಲ್ಲಿ ಪುನಾರಚಿಸಿ, ಬರ್ಡನು ಧ್ರುವದ ಸಮೀಪಕ್ಕೆ ಹೋಗಿದ್ದಿರಬಹುದಾದರೂ ಸುಮಾರು 80 ಮೈಲಿ ಈಚೆಗೇ ತಿರುಗಿದ್ದಿರುವುದೂ ಸಾಧ್ಯವೆಂದು ತೋರಿಸಿದರು. ಈ ಎಲ್ಲರ ಪೈಕಿ ರಾಲಿನ್ಸರ ನಿರ್ಣಯವೇ ಅತ್ಯಂತ ಖಚಿತವಾದುದು: ಬರ್ಡನು ದಿಕ್ಕು ತಪ್ಪದೆ ನೇರವಾಗಿ ಹಾರಿದನು, ದಾರಿಯ ಐದರಲ್ಲಿ ನಾಲ್ಕು ಪಾಲನ್ನು ಕ್ರಮಿಸಿ, ಎಂಜಿನ್ನಿನ ತೈಲ ಸೋರಿಕೆಯ ಕಾರಣ ಹಿಂದಿರುಗಿದನು, ಆಮೇಲೆ ಅಂಕೆಗಳನ್ನು ಬದಲಿಸಿದನು.

ಈ ನಿರ್ಣಯದ ಉತ್ತರಾರ್ಧವನ್ನು, ಎಂದರೆ ಯಾನವು ಧ್ರುವವನ್ನು ಮುಟ್ಟಲಿಲ್ಲವೆಂಬುದನ್ನು, ಪ್ರಸ್ತುತ ಲೇಖಕನೂ ಒಪ್ಪುತ್ತಾನೆ. ಆದರೆ ಅದಕ್ಕೆ ಆಧಾರವೆಂದು ಎಲ್ಲೆಡೆ ಉದ್ಧರಿಸಲಾಗುವ ಅಳಿಸಿದ ಉನ್ನತಾಂಶವು ತಾನೊಂದೇ ಆ ಭಾರವನ್ನು ಹೊರಬಲ್ಲದೆ ಎಂಬುದು ಇಲ್ಲಿಯ ಜಿಜ್ಞಾಸೆ.

ಧ್ರುವಪ್ರದೇಶದಲ್ಲಿ ಕಾಂತದಿಕ್ಸೂಚಿಯು ನೆಚ್ಚತಕ್ಕ ಸಾಧನವಲ್ಲ. ಆಗ ಕಾಂತಧ್ರುವವು ಭೂಧ್ರುವದಿಂದ ಬಹುದೂರದಲ್ಲಿದ್ದುದರಿಂದಲೂ, ಅಲ್ಲಿ ಬಲರೇಖೆಗಳು ನೆಲದತ್ತ ಬಾಗಿ ಸೂಜಿಯನ್ನು ಅಡ್ಡಡ್ಡಲಾಗಿ ತಿರುಗಿಸುವ ಶಕ್ತಿಯು ಕ್ಷೀಣಿಸುವುದರಿಂದಲೂ, ಸೂಜಿಯು ಮಂದವಾಗಿ, ಅಲೆದಾಡುತ್ತಿತ್ತು. ಬರ್ಡನು ಆದ್ದರಿಂದ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಆಲ್ಬರ್ಟ್ ಬಮ್‌ಸ್ಟೆಡ್ ರಚಿಸಿದ ಸೂರ್ಯದಿಕ್ಸೂಚಿಯನ್ನು ಒಯ್ದನು. ಇಪ್ಪತ್ತನಾಲ್ಕು ಗಂಟೆಗೊಂದು ಸುತ್ತು ಬರುವ ಗಡಿಯಾರದ ಮುಳ್ಳಿನ ಮೇಲೆ ಸೂರ್ಯನ ನೆರಳು ಸರಿಯಾಗಿ ಬೀಳುವಂತೆ ವಿಮಾನವನ್ನು ನಡೆಸಿದರೆ, ಆಯ್ದುಕೊಂಡ ಯಾಮ್ಯೋತ್ತರ ರೇಖೆಗೆ ಸಮಾನಾಂತರವಾದ ದಿಕ್ಕು ದೊರೆಯುತ್ತದೆ. ಗಾಳಿಯಿಂದಾಗುವ ಪಕ್ಕಸರಿತವನ್ನು ನೆಲದ ಕಿಂಡಿಯಿಂದ ಕೆಳಗಿನ ಹಿಮವನ್ನು ನೋಡಿ ಅಳೆಯಬೇಕು. ಕ್ರಮಿಸಿದ ದೂರವನ್ನು ವೇಗ ಮತ್ತು ಕಾಲಗಳಿಂದ ಅಂದಾಜುಮಾಡಬೇಕು. ಆ ಅಂದಾಜನ್ನು ಸೆಕ್ಸ್ಟೆಂಟಿನಿಂದ ಸೂರ್ಯನ ಉನ್ನತಾಂಶವನ್ನಳೆದು ತಿದ್ದಬೇಕು. ವಿಮಾನದಲ್ಲಿ ಸ್ವಚ್ಛವಾದ ಕ್ಷಿತಿಜವು ಸಿಗದ ಕಾರಣ, ಬರ್ಡನು 1919ರ ಅಟ್ಲಾಂಟಿಕ್ ಯಾನಕ್ಕೆಂದು ತಾನೇ ಅಳವಡಿಸಿದ್ದ ಗುಳ್ಳೆಯ ಕೃತಕಕ್ಷಿತಿಜವುಳ್ಳ ಸೆಕ್ಸ್ಟೆಂಟನ್ನೇ ಇಲ್ಲಿಯೂ ಬಳಸಿದನು.

ಈಗ ವಿವಾದದ ಅಂಕೆಗೆ ಬರೋಣ. ಗ್ರೀನಿಚ್ ಕಾಲ 7 ಗಂಟೆ 7 ನಿಮಿಷ 10 ಸೆಕೆಂಡಿಗೆ ಕಂಡ ಸೂರ್ಯನ ಉನ್ನತಾಂಶವು ದಿನಚರಿಯ ಅಳಿಸಿದ ಬರಹದಲ್ಲಿ 19 ಅಂಶ 25 ಕಲೆ 30 ವಿಕಲೆ. ಜೂನ್ 22ರ ಬೆರಳಚ್ಚಿನ ಅಧಿಕೃತ ವರದಿಯಲ್ಲಿ ಅದೇ ಕ್ಷಣಕ್ಕೆ 18 ಅಂಶ 18 ಕಲೆ 18 ವಿಕಲೆ. (ಮೂರು ಹದಿನೆಂಟುಗಳ ಸಾಲನ್ನು ಕಂಡು ಹುಬ್ಬೇರಿಸುವುದು ಸಹಜವಾದರೂ ಅದು ಪ್ರಮಾಣವಲ್ಲ, ಗುಳ್ಳೆಯು ಕೆಲವು ಕಲೆಗಳಷ್ಟು ಅಲ್ಲಾಡುವ ಉಪಕರಣದಿಂದ ವಿಕಲೆಗಳನ್ನು ಓದಿದುದಾಗಿ ಹೇಳುವುದೇ ಹೆಚ್ಚು ವಿಚಾರಣೀಯ.) ಎರಡರ ಅಂತರ 1 ಅಂಶ 7 ಕಲೆ 12 ವಿಕಲೆ. ಗುಳ್ಳೆಯ ನಡುಕವಾಗಲಿ, ವಕ್ರೀಭವನದ ಸುಮಾರು 3 ಕಲೆಗಳ ಸಂಸ್ಕಾರವಾಗಲಿ, ಭೂಭ್ರಮಣದಿಂದ ಆ ವೇಗದಲ್ಲಿ ಗುಳ್ಳೆಗೆ ಒದಗುವ 2 ಕಲೆಗಳ ವಿಕಾರವಾಗಲಿ ಇಷ್ಟು ದೊಡ್ಡ ಅಂತರವನ್ನು ತುಂಬಲಾರವು. ಇವು ಎರಡು ಬೇರೆ ಸ್ಥಾನಗಳನ್ನು ಹೇಳುವ ಎರಡು ಬೇರೆ ಅಂಕೆಗಳೇ ಸರಿ.

ಆದರೆ ಯಾವ ಸ್ಥಾನಗಳನ್ನು? ಒಂದು ಉನ್ನತಾಂಶವು ಸ್ಥಾನವನ್ನು ಕೊಡುವುದಿಲ್ಲ, ಸ್ಥಾನರೇಖೆಯನ್ನು ಮಾತ್ರ ಕೊಡುತ್ತದೆ. ಆ ರೇಖೆಯು ಸೂರ್ಯನ ದಿಕ್ಕಿಗೆ ಲಂಬವಾಗಿರುತ್ತದೆ. ಸೂರ್ಯನು ಯಾನಿಕನ ನೇರ ಮುಂದೆಯೋ ಬೆನ್ನ ಹಿಂದೆಯೋ ಇದ್ದರೆ ರೇಖೆಯು ಪಥವನ್ನು ಅಡ್ಡಹಾಯ್ದು, ಎಷ್ಟು ದೂರ ಬಂದೆನೆಂಬುದನ್ನು ಹೇಳುತ್ತದೆ. ಪಾರ್ಶ್ವದಲ್ಲಿದ್ದರೆ ಪಥದ ಗುಂಟ ಮಲಗಿ, ಎಡಕ್ಕೋ ಬಲಕ್ಕೋ ಎಷ್ಟು ಸರಿದೆನೆಂಬುದನ್ನಷ್ಟೇ ಹೇಳುತ್ತದೆ. 7 ಗಂಟೆ 7 ನಿಮಿಷಕ್ಕೆ, ಮೇ ತಿಂಗಳ ಕಾಲಸಮೀಕರಣವನ್ನು ಸೇರಿಸಿ ಗಣಿಸಿದರೆ, ಸೂರ್ಯನು ಪೂರ್ವ 72 ಅಂಶದ ರೇಖಾಂಶದ ಮೇಲಿದ್ದನು. ಕಿಂಗ್ಸ್ ಬೇಯ ರೇಖಾಂಶ ಪೂರ್ವ 12 ಅಂಶ. ಇವೆರಡರ ಅಂತರವಾದ ನತವು 60 ಅಂಶವಾದುದರಿಂದ ಸೂರ್ಯನು ಬರ್ಡನ ಬಲಹಿಂಬದಿಯಲ್ಲಿ, ದಕ್ಷಿಣದಿಂದ ಪೂರ್ವಕ್ಕೆ ಹತ್ತಿರಹತ್ತಿರ 60 ಅಂಶದಷ್ಟು ವಾಲಿ ಕಾಣುತ್ತಿದ್ದಿರಬೇಕು. ಸ್ಥಾನರೇಖೆಯು ಪಥಕ್ಕೆ ಕೇವಲ 30 ಅಂಶ ಓರೆಯಾಗಿ ಬಿದ್ದಿರಬೇಕು. ಇಂಥ ವೇಧದಲ್ಲಿ ಉನ್ನತಾಂಶದ ಒಂದು ಕಲೆಯ ವ್ಯತ್ಯಾಸವು ಪಥದ ಮೇಲೆ ಎರಡು ನಾವಿಕ ಮೈಲಿಯಾಗಿ ಹಿಗ್ಗುತ್ತದೆ; ಬಲಕ್ಕೆ ಸರಿದ ಒಂದೊಂದು ನಾವಿಕ ಮೈಲಿಯಾದರೋ ಉನ್ನತಾಂಶವನ್ನು ಒಂದು ಕಲೆಗೆ ತುಸು ಕಡಿಮೆಯಷ್ಟು ಏರಿಸುತ್ತದೆ. ಎಂದರೆ ಆ ವೇಧವು ದೂರವನ್ನು ನಿರ್ಣಯಿಸುವುದಕ್ಕಿಂತ ಪಾರ್ಶ್ವವಿಚಲನವನ್ನು ನಿರ್ಣಯಿಸುವುದಕ್ಕೇ ಹೆಚ್ಚು ತಕ್ಕುದಾಗಿತ್ತು.

ಇದರಿಂದ ಫಲಿಸುವುದೇನು? ಅಂದು ಸೂರ್ಯನ ಉತ್ತರಕ್ರಾಂತಿಯು ಸ್ಥೂಲವಾಗಿ 17 ಅಂಶ 10 ಕಲೆ. ವಿಮಾನವು ಕಿಂಗ್ಸ್ ಬೇಯ ಯಾಮ್ಯೋತ್ತರದ ಮೇಲೆಯೇ ಇತ್ತೆಂದು ಗ್ರಹಿಸಿದರೆ, ಅಳಿಸಿದ ಅಂಕೆಯು ಅದನ್ನು ಧ್ರುವದಿಂದ ಸುಮಾರು 270 ನಾವಿಕ ಮೈಲಿ ಈಚೆಗೆ ಇಡುತ್ತದೆ. ವರದಿಯ ಅಂಕೆಯು 130ರ ಸುಮಾರಿಗೆ ಇಡುತ್ತದೆ. ಕಿಂಗ್ಸ್ ಬೇಯಿಂದ ಧ್ರುವಕ್ಕೆ 665 ನಾವಿಕ ಮೈಲಿ. ಹೊರಟದ್ದು 0 ಗಂಟೆ 37 ನಿಮಿಷಕ್ಕೆ; ಆರೂವರೆ ಗಂಟೆಗಳಲ್ಲಿ 395 ನಾವಿಕ ಮೈಲಿ ಸಾಗಿದರೆ ವೇಗವು 61 ನಾಟ್, ಎಂದರೆ ಗಂಟೆಗೆ 70 ಮೈಲಿ. ಅದೇ ವೇಗದಲ್ಲಿ, ಧ್ರುವವನ್ನು ಮುಟ್ಟಿದುದಾಗಿ ಬರ್ಡನು ಹೇಳುವ 9 ಗಂಟೆ 2 ನಿಮಿಷದ ವೇಳೆಗೆ, ವಿಮಾನವು ಇನ್ನೂ 150 ನಾವಿಕ ಮೈಲಿಯಷ್ಟು ಹಿಂದೆ ಉಳಿದಿರುತ್ತದೆ. ಇದು ರಾಲಿನ್ಸರು ಹೇಳುವ ಐದರಲ್ಲಿ ನಾಲ್ಕು ಪಾಲಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ವಿಮಾನವು ಬಲಕ್ಕೆ 77 ನಾವಿಕ ಮೈಲಿ ಸರಿದಿತ್ತೆಂದು ಗ್ರಹಿಸಿದರೆ, ಅದೇ ಅಳಿಸಿದ ಅಂಕೆಯೊಡನೆಯೇ ವರದಿಯು ಹೇಳುವಷ್ಟು ಉತ್ತರಕ್ಕೆ ಹೋಗಿತ್ತೆಂದೂ ಸಾಧಿಸಬಹುದು! ಆದಕಾರಣ ರಾಲಿನ್ಸರ ನಿರ್ಣಯದ ಎರಡು ಭಾಗಗಳು ಸ್ವತಂತ್ರವಲ್ಲ. ನೇರವಾಗಿ ಹಾರಿದನೆಂಬ ಮೊದಲನೆಯದನ್ನು ಒಪ್ಪಿದ ಹೊರತು, ಇಷ್ಟೇ ದೂರ ಹೋದನೆಂಬ ಎರಡನೆಯದು ಈ ವೇಧದಿಂದ ಹೊರಡುವುದಿಲ್ಲ.

ನೇರವಾಗಿ ಹಾರಿದನೆಂಬುದಕ್ಕೆ ಸಾಧಾರಣವಾಗಿ ಕೊಡುವ ಪ್ರಮಾಣವು ಮರುಪ್ರಯಾಣದ್ದು. ಸೆಕ್ಸ್ಟೆಂಟು ಮೇಜಿನಿಂದ ಜಾರಿ ಬಿದ್ದು ಒಡೆದ ಬಳಿಕವೂ, ಸೂರ್ಯದಿಕ್ಸೂಚಿಯನ್ನೇ ನಂಬಿ ಬಂದ ಬರ್ಡನಿಗೆ ಸ್ಪಿಟ್ಸ್‌ಬರ್ಗೆನ್ನಿನ ಗ್ರೇ ಹುಕ್ ಭೂಶಿರವು ಸರಿಯಾಗಿ ಎದುರಿಗೆ ಕಂಡಿತೆಂಬುದೇ ಆ ಪ್ರಮಾಣ. ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರ್ಪಡಿಸುವುದು ಅವಶ್ಯ. ಗಮನಿಸದೆ ಉಳಿದ ಪಾರ್ಶ್ವಪವನವು ಹೋಗುವಾಗ ಪೂರ್ವಕ್ಕೆ ತಳ್ಳಿದ್ದರೆ ಬರುವಾಗಲೂ ಪೂರ್ವಕ್ಕೇ ತಳ್ಳಿ, ತಪ್ಪನ್ನು ಇಮ್ಮಡಿಸಿ, ಭೂಶಿರವನ್ನು ತಪ್ಪಿಸುತ್ತಿತ್ತು. ಆದ್ದರಿಂದ ಮರುಪ್ರಯಾಣದ ಸಾಕ್ಷ್ಯವು ಪವನದೋಷವನ್ನು ನಿರಾಕರಿಸುತ್ತದೆ. ಆದರೆ ದಿಕ್ಸೂಚಿಯಲ್ಲಿಯೇ ಸ್ಥಿರವಾದ ದೋಷವೊಂದಿದ್ದು, ಅದು ಹೋಗುವಾಗ ವಿಮಾನವನ್ನು ಬಲಕ್ಕೆ ಒಯ್ದಿದ್ದರೆ, ತಿರುಗಿ ಬರುವಾಗಲೂ ಅದರ ಬಲಕ್ಕೇ, ಎಂದರೆ ಹೋಗುವಾಗಿನ ಎಡಕ್ಕೆ, ಅಷ್ಟೇ ಒಯ್ದು, ಹೊರಟ ಸ್ಥಳಕ್ಕೇ ಕರೆತರುತ್ತಿತ್ತು. ಗೂಟಕ್ಕೆ ಕಟ್ಟಿದ ಹಗ್ಗದ ಗುಂಟ ಹೋದವನು, ಹಗ್ಗವು ಓರೆಯಾಗಿ ಎಳೆದಿದ್ದರೂ, ಅದನ್ನೇ ಹಿಡಿದು ಗೂಟಕ್ಕೆ ಮರಳುವಂತೆ. ಗ್ರೇ ಹುಕ್ ಎದುರಾದುದು ದಿಕ್ಸೂಚಿಯು ಸ್ಥಿರವಾಗಿತ್ತೆಂಬುದಕ್ಕೆ ಸಾಕ್ಷಿಯೇ ಹೊರತು, ಸರಿಯಾಗಿತ್ತೆಂಬುದಕ್ಕೆ ಅಲ್ಲ.

ಈ ಮಾತನ್ನು ಮಿತಿಮೀರಿ ಎಳೆಯಬಾರದು. 77 ನಾವಿಕ ಮೈಲಿಯ ವಿಚಲನಕ್ಕೆ ಎಂಟು ಅಂಶಕ್ಕಿಂತ ತುಸು ಹೆಚ್ಚಿನ ದೋಷ ಬೇಕು. ಸೂರ್ಯದಿಕ್ಸೂಚಿಯ ಗಡಿಯಾರವು ಸುಮಾರು 33 ನಿಮಿಷ ತಪ್ಪಿದ್ದರೆ ಮಾತ್ರ ಅಷ್ಟಾಗುತ್ತದೆ. ಕಾಲಸಮೀಕರಣವನ್ನು ಪೂರ್ತಿ ಮರೆತಿದ್ದರೂ ಒಂದಂಶಕ್ಕಿಂತ ಕಡಿಮೆ ತಪ್ಪುವಾಗ, ನುರಿತ ನಾವಿಕನಿಗೆ ಇಂಥ ಪ್ರಮಾದವನ್ನು ಆರೋಪಿಸುವುದು ನ್ಯಾಯವಲ್ಲ. ಆದರೆ ಉಪಕರಣವನ್ನು ವಿಮಾನದ ಅಕ್ಷಕ್ಕೆ ಹೊಂದಿಸುವಾಗ ಒಂದೆರಡು ಅಂಶ, ಗಡಿಯಾರದಲ್ಲಿ ಕೆಲವು ನಿಮಿಷ, ಚಾಲಕನ ರೂಢಿಯಲ್ಲಿ ಇನ್ನಷ್ಟು, ಹೀಗೆ ಕೂಡಿ ಮೂರೂವರೆ ಅಂಶವಾಗುವುದು ಅಸಂಭವವೆನ್ನಲಾಗದು. ಅಷ್ಟರಿಂದಲೇ 7 ಗಂಟೆಯ ಹೊತ್ತಿಗೆ ಸುಮಾರು 30 ನಾವಿಕ ಮೈಲಿಯ ವಿಚಲನವಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೆ, ಹಿಂದಿರುಗುವ ಮುನ್ನ ಪಥದ ಮೇಲೆ ಉಳಿದ ದೂರವು 150ರಿಂದ ಸುಮಾರು 85 ನಾವಿಕ ಮೈಲಿಗೆ ಇಳಿಯುತ್ತದೆ. ನ್ಯೂಸಮ್ ಅವರ ಗಣನೆಯ ಈಚಿನ ಅಂಚಿನಿಂದ ಇದು ಬಹುದೂರವೇನಲ್ಲ.

ಹಾಗಾದರೆ ನಿರ್ಣಯದ ಭಾರವನ್ನು ಹೊರುವುದು ಯಾವುದು? ವೇಗವೇ ಎಂದು ತೋರುತ್ತದೆ. ಬಾಲ್ಖೆನ್ನನ ಒರಟಾದ ಹಳೆಯ ವಾದವೇ ದಿನಚರಿಯ ಸೂಕ್ಷ್ಮ ಅಂಕೆಗಿಂತ ದೃಢವಾಗಿ ನಿಲ್ಲುತ್ತದೆ. ಇಡಿಯ ಯಾನಕ್ಕೆ ಹಿಡಿದುದು, ಭಿನ್ನಲೇಖಗಳನ್ನು ಕೂಡಿಸಿ ಹೇಳುವುದಾದರೆ, ಹದಿನೈದೂವರೆಯಿಂದ ಹದಿನಾರು ಗಂಟೆ. ಅದರಲ್ಲಿ 13 ನಿಮಿಷ ಸುತ್ತುಹಾಕಿದುದು. ಧ್ರುವದವರೆಗೆ ಹೋಗಿ ಬಂದ 1330 ನಾವಿಕ ಮೈಲಿಗೆ ಸರಾಸರಿ 84ರಿಂದ 87 ನಾಟ್, ಎಂದರೆ ಗಂಟೆಗೆ ನೂರು ಮೈಲಿಯ ಹತ್ತಿರದ ವೇಗ ಬೇಕು. ಹಿಮಪಾದುಕೆಗಳನ್ನು ತೊಟ್ಟ ಆ ವಿಮಾನಕ್ಕೆ ಬರ್ಡನ ಪಕ್ಷದವರೇ ಒಪ್ಪುವ ವೇಗ 85 ಮೈಲಿ. ಸ್ಥಿರವಾಗಿ ಒಂದೇ ದಿಕ್ಕಿಗೆ ಬೀಸುವ ಗಾಳಿಯು ಹೋಗಿಬರುವ ಒಟ್ಟು ಕಾಲವನ್ನು ಹೆಚ್ಚಿಸುವುದೇ ಹೊರತು ತಗ್ಗಿಸಲಾರದಾದ್ದರಿಂದ, ಹೋಗುವಾಗಲೂ ಬರುವಾಗಲೂ ಬೆನ್ನಿಗೇ ಬೀಸಿದ ಗಾಳಿಯನ್ನು ಕಲ್ಪಿಸದೆ ವರದಿಯು ನಿಲ್ಲುವುದಿಲ್ಲ. ನೇರಪಥದ ಮೇಲೆ 150 ನಾವಿಕ ಮೈಲಿ ಈಚೆಗೆ ತಿರುಗಿದನೆಂದರೆ ಸರಾಸರಿಯು ಗಂಟೆಗೆ 75ರಿಂದ 78 ಮೈಲಿಯಾಗಿ ಬಾಲ್ಖೆನ್ನನ ಅಂಕೆಗೆ ಸಮೀಪಿಸುತ್ತದೆ. ಮೂರೂವರೆ ಅಂಶ ಬಲಕ್ಕೆ ಸರಿದು 85 ನಾವಿಕ ಮೈಲಿ ಈಚೆಗೆ ತಿರುಗಿದನೆಂದರೆ ಅದು 85 ಮೈಲಿಯ ಆಸುಪಾಸಿಗೆ ಬರುತ್ತದೆ. ಅಳಿಸಿದ ಅಂಕೆಯನ್ನು ಪ್ರಮಾಣವೆಂದು ಹಿಡಿದವರಲ್ಲಿ, ವಿಮಾನಕ್ಕೆ ಹೆಚ್ಚಿನ ವೇಗವನ್ನು ಕೊಡುವವನು ದಿಕ್ಕಿನ ದೋಷವನ್ನು ಒಪ್ಪಬೇಕು. ದಿಕ್ಕು ನಿರ್ದೋಷವೆನ್ನುವವನು ಬಾಲ್ಖೆನ್ನನನ್ನು ಒಪ್ಪಬೇಕು. ಇಬ್ಬರ ಗಣನೆಯಲ್ಲಿಯೂ ಧ್ರುವವು ಹೊರಗೇ ಉಳಿಯುತ್ತದೆ.

ಅಂಕೆಯನ್ನು ಅಳಿಸಿದುದನ್ನು ಕುರಿತು ಒಂದು ಮಾತು. ಅಳಿಸಿದುದೆಲ್ಲ ಕಪಟವೆಂಬ ನ್ಯಾಯವಿಲ್ಲ; ಚಳಿಯಲ್ಲಿ, ಎಂಜಿನ್ನುಗಳ ಅಬ್ಬರದಲ್ಲಿ, ಚಾಲಕನೊಡನೆ ಚೀಟಿಗಳ ಮೂಲಕ ಮಾತಾಡುತ್ತ ಗಣಿಸುವವನು ಬರೆದುದನ್ನು ಅಳಿಸಿ ಬರೆಯುವುದು ಉಂಟು. ಇಲ್ಲಿ ಬಾಧಕವಾಗಿರುವುದು ಅಳಿಸಿದುದಲ್ಲ, ಅಳಿಸಿದ ಅಂಕೆಯು ಇಡಿಯ ಯಾನದ ಕಾಲವೇಗಗಳಿಗೆ ಹೊಂದುತ್ತಿರುವುದು ಮತ್ತು ಉಳಿಸಿಕೊಂಡ ಅಂಕೆಯು ಹೊಂದದಿರುವುದು.

ಮೇಲಣ ವಾದದಲ್ಲಿ ತೆರೆದೇ ಉಳಿಯುವ ಅಂಶಗಳಿವೆ. 19 ಅಂಶ 25 ಕಲೆಯೆಂಬುದು ಒಂದೇ ಓದಿನ ಫಲವೋ ಹಲವು ಓದುಗಳ ಸರಾಸರಿಯೋ ಎಂಬುದರ ಮೇಲೆ ಅದರ ದೋಷಾವಕಾಶವು ನಿಲ್ಲುತ್ತದೆ. ಒಂದೇ ಓದಾದಲ್ಲಿ 10 ಕಲೆಗಳ ತಪ್ಪನ್ನು, ಎಂದರೆ ಪಥದ ಮೇಲೆ ಇತ್ತಕಡೆಗೋ ಅತ್ತಕಡೆಗೋ 20 ನಾವಿಕ ಮೈಲಿಯನ್ನು, ಬಿಟ್ಟುಕೊಡಬೇಕಾದೀತು. ಸೂರ್ಯದಿಕ್ಸೂಚಿಯನ್ನು ಹೊಂದಿಸಿದ ಬಗೆಯನ್ನು ಕುರಿತ ಸಮಕಾಲೀನ ಲೇಖವೊಂದು ದೊರೆತರೆ, ಮೂರೂವರೆ ಅಂಶದ ಊಹೆಯು ಸಿದ್ಧವಾದೀತು ಅಥವಾ ಬಿದ್ದುಹೋದೀತು. ದಿನಚರಿಯ ಇತರ ಟಿಪ್ಪಣಿಗಳನ್ನು, ಅದರಲ್ಲಿಯೂ ಪಕ್ಕಸರಿತದ ಅಳತೆಗಳನ್ನು, ಇದೇ ಸ್ಥಾನರೇಖೆಯ ಕ್ರಮದಿಂದ ಪುನಃ ಗಣಿಸುವ ಕಾರ್ಯವು 85 ಮತ್ತು 150ರ ನಡುವಣ ಅಂತರವನ್ನು ಕಿರಿದುಗೊಳಿಸೀತೆಂದು ನಿರೀಕ್ಷಿಸಬಹುದು.